ಮೋಡೆಮ್ ಮೇಲೆ ಹಾಕಿದ ಟವೆಲ್

ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ವಿದ್ಯೆಯನ್ನು ನಮ್ಮ ಕಡೆ ಯಾರಿಗೂ ಕಲಿಸಬೇಕಿಲ್ಲ. ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆಯೂ ಅದನ್ನೇ ಮಾಡುತ್ತದೆ ಎಂದು ತಿಳಿದ ದಿನ, ಇದು ನಮ್ಮೂರಿನದೇ ಸರಕು ಅನ್ನಿಸಿಬಿಟ್ಟಿತ್ತು.

ಆಗ ನಾನು ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಇದ್ದದ್ದು ಒಂದೇ ಫೋನ್ ಲೈನು, ಅದನ್ನು ಕಂಪ್ಯೂಟರಿಗೆ ಜೋಡಿಸಲು ಒಂದೇ ಮೋಡೆಮ್ಮು. ಫ್ಯಾಕ್ಸ್ ಬಂದರೆ ಎತ್ತಿಕೊಳ್ಳಲು ಒಂದು ಪ್ರೋಗ್ರಾಮು, ಇಂಟರ್ನೆಟ್ಟಿಗೆ ಡಯಲ್ ಮಾಡಲು ಇನ್ನೊಂದು. ಯಾವುದು ಮೊದಲು ಮೋಡೆಮ್ ಹಿಡಿಯುತ್ತದೋ ಅದು ಲಾಕ್ ಫೈಲ್ ಎಂಬ ಪುಟ್ಟ ಕಡತ ಇಡುತ್ತದೆ; ಅದನ್ನು ಕಂಡು ಇನ್ನೊಂದು ಸುಮ್ಮನೆ ಕಾಯುತ್ತದೆ. ಥೇಟ್ ಟವೆಲ್.

ಇದನ್ನೇ ಕೊಚ್ಚಿಕೊಂಡು ಮಾಲೀಕರನ್ನು ಒಪ್ಪಿಸಿ, ಹಳೆಯ ಫ್ಯಾಕ್ಸ್ ಯಂತ್ರವನ್ನು ಗೋಣಿಚೀಲಕ್ಕೆ ತುಂಬಿಸಿದ್ದೆ. ಅದನ್ನು ವರ್ಷಗಟ್ಟಲೆ ಒರೆಸಿ ಕಾಪಾಡಿದ್ದ ಹಿರಿಯ ಗುಮಾಸ್ತರು, ನಾವೆಲ್ಲ ಚಾಚಾ ಎನ್ನುತ್ತಿದ್ದವರು, ತಾವೇ ಆ ಚೀಲದ ಬಾಯಿ ಕಟ್ಟಿದ್ದರು. ಮಾಲೀಕರು, "ಒಂದ ಫ್ಯಾಕ್ಸ್ ತಪ್ಪಿದ್ರೂ ಈ ಡಬ್ಬಿ ಹೊರಗ, ಅದರ ಹಿಂದ ನೀನೂ" ಎಂದಿದ್ದರು.

ಒಂದು ದಿನ ಬ್ಯಾಡಗಿಗೆ ಮೆಣಸಿನಕಾಯಿ ಬೀಜದ ಲಾರಿ ಹೊರಡಬೇಕಿತ್ತು. ಹಾವೇರಿಯ ಲ್ಯಾಬಿನಿಂದ ಮೊಳಕೆ ಪರೀಕ್ಷೆಯ ವರದಿ ಫ್ಯಾಕ್ಸಿನಲ್ಲಿ ಬರದೆ ಅದು ಕದಲುವಂತಿರಲಿಲ್ಲ. ನಡುವೆ ಯಾರಾದರೂ ಇಂಟರ್ನೆಟ್ ಹಚ್ಚಿ ಲೈನ್ ಹಿಡಿದರೆ? ಅತಿಜಾಣನಾದ ನಾನು ಫ್ಯಾಕ್ಸಿಗೆಂದು ಕೈಯಾರೆ ಒಂದು ಲಾಕ್ ಫೈಲ್ ಬರೆದಿಟ್ಟು, "ಫೋನ್ ಬಡಕೊಂಡ್ರೂ ಎತ್ತಬ್ಯಾಡ್ರಿ ಚಾಚಾ, ಮೋಡೆಮ್ ಎತ್ತತೈತಿ" ಎಂದು ಹೇಳಿ, ಊಟದ ಹೊತ್ತಿಗೆ ಮಿರ್ಚಿ ಭಜಿ ತಿನ್ನಲು ಹೋದೆ.

ಬಂದು ನೋಡಿದರೆ ಚಾಚಾ ಫೋನಿನ ಮುಂದೆ ಕೈಕಟ್ಟಿ ಕೂತಿದ್ದರು. "ಅರ್ಧ ತಾಸು ಬಡಕೊಂಡು ಈಗ ಸುಮ್ಮನಾತು. ನೀ ಬ್ಯಾಡ ಅಂದಿದ್ದಿ, ನಾ ಮುಟ್ಟಿಲ್ಲಪಾ."

ಓಡಿಹೋಗಿ ನೋಡಿದರೆ ನಾನಿಟ್ಟ ಲಾಕ್ ಫೈಲ್ ಹಾಗೇ ಇತ್ತು. ಆ ಲಾಕ್ ತನಗಾಗಿಯೇ ಇಟ್ಟದ್ದೆಂದು ಫ್ಯಾಕ್ಸ್ ಪ್ರೋಗ್ರಾಮಿಗೆ ಹೇಗೆ ಗೊತ್ತಾಗಬೇಕು? ಯಾರದೋ ಟವೆಲ್ ಎಂದುಕೊಂಡು ಅದು ಮರ್ಯಾದೆಯಿಂದ ನಿಂತೇ ಇತ್ತು. ಕಡತ ಅಳಿಸಿ ಹಾವೇರಿಗೆ ಫೋನ್ ಮಾಡಿದೆ. "ನಿಮ್ದು ಎತ್ತವಲ್ದು ನೋಡ್ರಿ. ಕಾಗದ ಬಸ್ಸಿನ ಕಂಡಕ್ಟರ್ ಕೈಯಾಗ ಕೊಟ್ಟೀವಿ, ಬಸ್ಸೂ ಹೋತು" ಎಂದರು.

ಚಾಚಾ ಬಸ್ ಸ್ಟ್ಯಾಂಡಿಗೆ ಹೋಗಿ ಕಾಗದ ತಂದರು. ಅಷ್ಟರಲ್ಲಿ ಮಾಲೀಕರು ಬಂದರು. "ಇದ್ಯಾಕ ಬಸ್ಸಿನ್ಯಾಗ ಬಂತು?"

ನಾನು ಬಾಯಿ ತೆರೆಯುವ ಮೊದಲೇ ಚಾಚಾ ತಲೆ ಎತ್ತದೆ ಹೇಳಿದರು: "ನಾನ ಹೇಳಿದ್ದೆರಿ. ಫ್ಯಾಕ್ಸಿನ್ಯಾಗ ಸಹಿ ಮಸುಕ ಬರ್ತೈತಿ, ಅಸಲು ಕಾಗದನ ಕಳಸ್ರಿ ಅಂತ."

ಲಾರಿ ಹೊರಟಿತು. ನಾಚಿಕೆಯಿಂದ ಕೇಳಿದೆ: "ಚಾಚಾ, ಹಳೇ ಮಷಿನ್ ಚೀಲದಾಗಿಂದ ತಗದ ಇಡ್ಲೇನ್ರಿ?"

"ಬ್ಯಾಡ, ಇದ ಇರ್ಲಿ. ಟವೆಲ್ ಒಗದು ಸೀಟು ಹಿಡದಾವ ಬಸ್ಸಿನ್ಯಾಗ ಇರಬೇಕಪಾ, ಅಷ್ಟ."

ಆಗ ಕಣ್ಣಿಗೆ ಬಿತ್ತು. ಫೋನಿನ ಪಕ್ಕ ಅವರ ಮಧ್ಯಾಹ್ನದ ಬುತ್ತಿ ಗಂಟು ಬಿಚ್ಚದೆ ಹಾಗೇ ಇತ್ತು.