ಕರೆಯದೆ ಏಳುವಂತಿಲ್ಲ

ನಮ್ಮಪ್ಪ ಟಿ.ವಿ.ಯಲ್ಲಿ ಸತ್ತದ್ದನ್ನು ನಾವು ನೋಡಿದಾಗ ಅವನು ನಿಜವಾಗಿ ಸತ್ತು ಒಂದು ತಿಂಗಳು ಕಳೆದಿತ್ತು. ಇದನ್ನು ಮೊದಲಿನಿಂದಲೇ ಹೇಳಬೇಕು. ನಡುವಿನಿಂದ ಹೇಳಹೋದರೆ ನನಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ನಾನು ಮಾತನ್ನೇ ಬಿಟ್ಟುಬಿಡುತ್ತೇನೆ.

ಅಪ್ಪ ಹುಮನಾಬಾದಿನಲ್ಲಿ ಆಟೋ ಓಡಿಸುತ್ತಿದ್ದ. ಬಸ್ ಸ್ಟ್ಯಾಂಡಿನಿಂದ ಮಾಣಿಕನಗರ, ಮಾಣಿಕನಗರದಿಂದ ಬಸ್ ಸ್ಟ್ಯಾಂಡ್, ಜೀವಮಾನವೆಲ್ಲ ಅದೇ ರಸ್ತೆ. ನಾನು ಬಸವಕಲ್ಯಾಣದ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಬೆಳಿಗ್ಗೆ ಬಸ್ಸಿಗೆ ಹೋಗುತ್ತೇನೆ, ಸಂಜೆ ಬಸ್ಸಿಗೆ ಬರುತ್ತೇನೆ. ಮನೆಯಲ್ಲಿದ್ದದ್ದು ಅಪ್ಪ, ಅವ್ವ, ನಾನು. ಗೋಡೆಯಾಚೆ ಖಾಲಾ ಇದ್ದಾಳೆ. ಚಿಕ್ಕಮ್ಮ ಅಂತ ಕರೆಯುವುದಷ್ಟೇ, ರಕ್ತಸಂಬಂಧವೇನೂ ಇಲ್ಲ, ಮುಸ್ಲಿಮರ ಮನೆಯಾಕೆ. ಆದರೆ ಅವ್ವನ ಸುಖ ದುಃಖಕ್ಕೆ ನನಗಿಂತ ಮೊದಲು ಓಡಿ ಬರುವವಳು ಅವಳೇ.

ಆ ಶ್ರಾವಣದಲ್ಲಿ ಬಸವಕಲ್ಯಾಣದ ಕೋಟೆಗೆ ಧಾರಾವಾಹಿಯವರು ಬಂದರು. ರಾಜರ ಕಾಲದ ಕಥೆ. ಸುಂಕದವರ ಕಾಟಕ್ಕೆ ಊರು ಬಿಟ್ಟು ಕಾಡು ಸೇರಿದ ಬಂಡುಕೋರರು ರಾಜನ ಖಜಾನೆ ಹೊಡೆದು ಬಡವರಿಗೆ ಹಂಚುತ್ತಾರೆ. ವಾರಕ್ಕೊಂದು ಕಂತು, ಕಂತಿಗೊಂದು ಕತ್ತಿಕಾಳಗ. ಅವರೆಲ್ಲ ಹುಮನಾಬಾದಿನ ಲಾಡ್ಜಿನಲ್ಲಿ ಇಳಿದಿದ್ದರು. ಸಾಮಾನು ಒಯ್ಯಲು ಅಪ್ಪನ ಆಟೋ ಗೊತ್ತು ಮಾಡಿದರು. ಅಪ್ಪ ಶ್ರಾವಣ ಮುಗಿಯುವ ತನಕ ಗಡ್ಡ ತೆಗೆಸುತ್ತಿರಲಿಲ್ಲ. ಆ ಬಿಳಿ ಗಡ್ಡವನ್ನು ಅವರ ಮೇಕಪ್ ಮಾಡುವವರು ನೋಡಿದರು. ಕಲಬುರ್ಗಿ ಕಡೆಯ ಮನುಷ್ಯ, ವಯಸ್ಸಾದವರು. "ನೀವೂ ಬಂದು ನಿಂದರ್ರಿ ಯಜಮಾನ್ರ, ಗಡ್ಡ ಅಂಟಿಸೋ ತ್ರಾಸು ತಪ್ತದ" ಅಂದರಂತೆ. ಅಪ್ಪನಿಗೆ ಅಷ್ಟೇ ಸಾಕಾಗಿತ್ತು. ಓಣಿಯಲ್ಲೆಲ್ಲ ಸುದ್ದಿ ಹಬ್ಬಿಸಿಕೊಂಡು ಬಂದ.

ಶೂಟಿಂಗಿನ ದಿನ ಶಾಲೆ ಬಿಟ್ಟ ಮೇಲೆ ನಾನೂ ಕೋಟೆಗೆ ಹೋದೆ. ಬಾಗಿಲಲ್ಲಿ ಹಗ್ಗ ಕಟ್ಟಿ ನಿಲ್ಲಿಸಿದರು. "ನಮ್ಮಪ್ಪ ಒಳಗಿದ್ದಾನ್ರಿ" ಅಂದರೆ, "ಎಲ್ಲಾರ ಅಪ್ಪನೂ ಒಳಗೇ ಇದ್ದಾನ್ರಿ ಮೇಡಂ" ಅಂದ ಒಬ್ಬ. ಎಲಾ ಇವನ! ಜಗಳ ತೆಗೆಯಬೇಕೆನ್ನುವಷ್ಟರಲ್ಲಿ ಅಪ್ಪನೇ ಹೊರಗೆ ಬಂದ. ಅವನ ಆಟೋದಲ್ಲೇ ಮನೆಗೆ ಹೊರಟೆವು. ಹೆದ್ದಾರಿಯ ಬಂಗ್ಲಾ ಕ್ರಾಸಿನ ಹತ್ತಿರ ಚಹಾಕ್ಕೆ ನಿಂತಾಗ ಅವನ ಕುತ್ತಿಗೆಯ ಮೇಲೆ ಕೆಂಪು ಕಲೆ ಕಂಡಿತು.

"ಇದೇನಪ್ಪ?"

"ಬಣ್ಣ."

"ಏನು ವೇಷ ಕೊಟ್ಟಿದ್ರು ನಿನಗ?"

"ಬಂಡುಕೋರ. ಲಾಠಿ ಹಿಡ್ಕೊಂಡು ನಿಂತಿದ್ದೆ" ಅಂದು ಚಹಾ ಊದಿ ಊದಿ ಕುಡಿದ. ಅವನು ಅಷ್ಟು ಕಡಿಮೆ ಮಾತಾಡಿದ್ದು ನನಗೆ ಆಶ್ಚರ್ಯವೇ ಆಯಿತು, ಆದರೆ ದಣಿದಿದ್ದಾನೆ ಅಂದುಕೊಂಡೆ.

ಮನೆ ಮುಟ್ಟಿದಾಗ ನಾನು ಒಳಗೆ ಹೋದೆ, ಅಪ್ಪ ಬರಲಿಲ್ಲ. ಚಪ್ಪಲಿ ಕಳಚದೆ ಹೊಸ್ತಿಲಾಚೆ ನಿಂತಿದ್ದ. ಅಲ್ಲಿಂದಲೇ ಕೂಗಿದ: "ಏ, ಎಲ್ಲಿದ್ದಿ? ನನಗ ಒಳಗ ಕರಿ ನೋಡೋಣ."

ಅವ್ವ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮಧ್ಯಾಹ್ನ ಬರುತ್ತೇನೆಂದವನ ದಾರಿ ಕಾದು ತಾನೂ ಉಂಡಿರಲಿಲ್ಲ. "ಕರೀಲಿಕ್ಕೆ ನೀವೇನು ಬೀಗರೇನು? ದಿನಾ ಬರೋ ಮನಿ ಗುರ್ತು ಹತ್ತವಲ್ದೇನು ಇವತ್ತ?" ಅಂದಳು. "ರೊಟ್ಟಿ ಆರಾಕತ್ತಾವ ಇಲ್ಲಿ. ಉಣ್ಣೋದಿದ್ರ ಉಣ್ರಿ, ಇಲ್ಲಾಂದ್ರ ನಿಂದರ್ರಿ ಅಲ್ಲೇ."

ಅಪ್ಪ ಇನ್ನೂ ಸ್ವಲ್ಪ ಹೊತ್ತು ನಿಂತ. ಆಮೇಲೆ ನಕ್ಕು, ತಾನೇ ಒಳಗೆ ಬಂದು, ಕಾಲು ತೊಳೆದು ಊಟಕ್ಕೆ ಕೂತ. ಅವ್ವನಿಗೂ ಲಾಠಿ ಹಿಡಿದು ನಿಂತಿದ್ದೆ ಎಂದೇ ಹೇಳಿದ. ಹೊಸ್ತಿಲಲ್ಲಿ ನಿಂತದ್ದನ್ನು ನಾನು ಮರೆತೂ ಬಿಟ್ಟೆ.

ದಸರಾ ಮುಗಿದ ಮೇಲೆ ಅಪ್ಪ ಹೋದ. ಆಟೋ ಸ್ಟ್ಯಾಂಡಿನಲ್ಲಿ ತನ್ನ ಸೀಟಿನ ಮೇಲೇ ಕೂತಿದ್ದ. ಸವಾರಿ ಹತ್ತಿ ಕೂತವರು "ನಡೀರಿ" ಅಂದರೆ ಗಾಡಿ ಹೊರಡಲಿಲ್ಲ. ನಾಳ ಕಟ್ಟಿ ಹೃದಯ ನಿಂತಿತ್ತು ಎಂದರು ಡಾಕ್ಟರು. ಮಣ್ಣು ಮಾಡಿ ಬಂದ ಮೇಲೆ ಅವ್ವ ಟಿ.ವಿ. ಮೇಲೆ ಟವೆಲ್ ಹೊದಿಸಿದಳು. ನಾನು ಶಾಲೆಗೆ ಹೋಗತೊಡಗಿದೆ. ಬೇರೆ ಏನು ಮಾಡಲಿ? ಮನೆಯಲ್ಲಿ ಕೂತರೆ ಹೊರಗೆ ಆಟೋ ನಿಂತ ಸದ್ದಾದಾಗಲೆಲ್ಲ ಎದ್ದು ಬಾಗಿಲಿಗೆ ಹೋಗುತ್ತಿದ್ದೆ.

ಒಂದು ಸಂಜೆ ಖಾಲಾ ಓಡಿ ಬಂದಳು. "ಬೇಟಿ, ನಿಮ್ಮಪ್ಪಂದು ಶೂಟಿಂಗ್ ಆಗಿತ್ತಲ್ಲ, ಆ ಕಿಲ್ಲಾ ತೋರ್ಸಾಕತ್ತಾರ! ಈ ವಾರ ಅದೇ ಕಂತು ಬರ್ತದಂತ!"

ಬೇಡವೆಂದೆ ನಾನು. ಅವ್ವ ಕೇಳಲಿಲ್ಲ. ಕಂತು ಬರುವ ಸಂಜೆ ಮುಖ ತೊಳೆದು, ತಲೆ ಬಾಚಿ, ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಉಟ್ಟಳು. ಟವೆಲ್ ತೆಗೆದು ಟಿ.ವಿ. ಎದುರು ಕೂತಳು. ಪಕ್ಕದಲ್ಲಿ ಖಾಲಾ, ಹಿಂದೆ ನಾನು.

ಆ ಕಂತನ್ನು ನಾನು ಎಷ್ಟು ಶಪಿಸಿದರೂ ಕಡಿಮೆಯೇ. ಬಂಡುಕೋರರ ಗುಂಪಿನ ಒಬ್ಬ ಮುದುಕ ರಾಜನ ಕೈಗೆ ಸಿಕ್ಕಿಬಿದ್ದಿದ್ದಾನೆ. ಅವನನ್ನು ಬಿಡಿಸಲು ಉಳಿದವರು ಕೋಟೆಗೆ ನುಗ್ಗಬೇಕು. ಕಾಡಿನಲ್ಲಿ ಇದ್ದವರಂತೆ ಇವರು! ಒಬ್ಬನ ಬಟ್ಟೆಗೂ ಕೆಸರಿಲ್ಲ, ಎಲ್ಲರ ಹಲ್ಲೂ ಫಳಫಳ. ಹಗ್ಗ ಹಿಡಿದು ಗೋಡೆ ಹತ್ತುತ್ತಾರೆ, ಕಾವಲಿನವರನ್ನು ಹೊಡೆಯುತ್ತಾರೆ, ಅಷ್ಟರಲ್ಲಿ ಜಾಹೀರಾತು. ಅವ್ವ ಒಬ್ಬೊಬ್ಬ ಲಾಠಿ ಹಿಡಿದವನನ್ನೂ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. "ಇವರಲ್ಲ. ಇವರೂ ಅಲ್ಲ."

ಬಂಡುಕೋರರ ನಾಯಕ ಕಂಬಗಳಿದ್ದ ಒಳಗಿನ ಅಂಗಳಕ್ಕೆ ಓಡಿಬಂದ. ಮುದುಕನನ್ನು ಆಗಲೇ ಕೊಂದು ಹಾಕಿದ್ದರು. ಹುಲ್ಲಿನ ಮೇಲೆ ಅಂಗಾತ, ಎದೆಯಲ್ಲಿ ಬಾಣ, ಕುತ್ತಿಗೆ ತುಂಬ ರಕ್ತ, ಬಾಯಿ ಅರ್ಧ ತೆರೆದು ಬಿದ್ದಿದ್ದ. ಅದು ನಮ್ಮಪ್ಪ. ನಾಯಕ ಮೊಣಕಾಲೂರಿ ತನ್ನ ಹೆಗಲ ಬಟ್ಟೆಯನ್ನು ಅಪ್ಪನ ಮುಖದ ಮೇಲೆ ಎಳೆದ. ತಕ್ಷಣ ತಲೆಗೂದಲಿನ ಎಣ್ಣೆಯ ಜಾಹೀರಾತು ಬಂತು. ನಾನು ಎದ್ದು ಟಿ.ವಿ. ಬಂದ್ ಮಾಡಿದೆ.

"ಇವರು ಸತ್ತಾರಲ್ಲ" ಅಂದಳು ಅವ್ವ.

"ಅವ್ವಾ, ಅದು ನಾಟಕ."

"ಲಾಠಿ ಹಿಡ್ಕೊಂಡು ನಿಂತಿದ್ದೆ ಅಂದಿದ್ರು. ಸುಳ್ಳು ಹೇಳಿದ್ರು ನನಗ. ಸತ್ತ ವೇಷ ಹಾಕ್ಕೊಂಡು, ಹಂಗೇ ಬಂದು, ನಾ ಮಾಡಿದ ರೊಟ್ಟಿ ಉಂಡ್ರು." ಆಮೇಲೆ ಅವಳಿಗೆ ನೆನಪಾಯಿತು. ನನಗೂ ಆಗಲೇ ನೆನಪಾಯಿತು. "ಅಯ್ಯೋ ಶಿವನೇ, ಬಾಗಲದಾಗ ನಿಂತು ಕರಿ ಅಂದ್ರಲ್ಲ. ಬಾಯಿ ಬಿಟ್ಟು ಕೇಳಿದ್ರಲ್ಲ!"

ಹೀಗೆ ಕರೆಸಿಕೊಳ್ಳುವುದು ಅಪ್ಪನ ಊರಾದ ಮಂಠಾಳದಲ್ಲಿ ಅವನಿದ್ದ ದೊಡ್ಡಾಟದ ಮೇಳದ ಪದ್ಧತಿ. ಆಟದಲ್ಲಿ ಸತ್ತು ಬಿದ್ದವನು ತಾನಾಗಿ ಏಳುವಂತಿಲ್ಲ. ಪರದೆ ಹಿಡಿಯುತ್ತಾರೆ, ಅವನ ಮನೆಯವರು ಯಾರಾದರೂ ಹತ್ತಿರ ಹೋಗಿ ಕರೆಯಬೇಕು. ಕರೆದ ಮೇಲೆ ಎದ್ದು ಅವರ ಹಿಂದೆ ಮನೆಗೆ ಬರಬೇಕು, ಹೊಸ್ತಿಲಿಗೆ ಬಿಸಿನೀರು ಹಾಕಿದ ಮೇಲೆಯೇ ಒಳಗೆ ಕಾಲಿಡಬೇಕು. ಕರೆಯದಿದ್ದರೆ ಮೈ ಎದ್ದು ಬರುತ್ತದೆ, ಮನುಷ್ಯ ಅಲ್ಲೇ ಉಳಿಯುತ್ತಾನೆ ಎನ್ನುತ್ತಿದ್ದರು. ಅಪ್ಪ ವಯಸ್ಸಿನಲ್ಲಿ ರಾಕ್ಷಸನ ಪಾತ್ರ ಹಾಕುತ್ತಿದ್ದ, ವರ್ಷವರ್ಷ ಸಾಯುತ್ತಿದ್ದ. ಹೊಸದಾಗಿ ಮದುವೆಯಾಗಿ ಬಂದ ಅವ್ವ ಸೆರಗು ಮುಖದ ಮೇಲೆ ಎಳೆದುಕೊಂಡು ಪರದೆ ಹಿಂದೆ ಹೋಗುತ್ತಿದ್ದಳು. ಗಂಡನ ಹೆಸರು ಹೇಳುವಂತಿರಲಿಲ್ಲ. "ಏಳ್ರಿ, ಮನಿಗೆ ಬರ್ರಿ" ಅನ್ನುತ್ತಿದ್ದಳು. ಈ ಮನುಷ್ಯ ಬೇಕೆಂತಲೇ ಕಣ್ಣು ಮುಚ್ಚಿ ಬಿದ್ದಿರುತ್ತಿದ್ದನಂತೆ, ಅವಳು ಇನ್ನೊಮ್ಮೆ ಕರೆಯಲಿ ಎಂದು. ಮೇಳದವರೆಲ್ಲ ನಗುತ್ತಿದ್ದರಂತೆ.

ಆ ಸಂಜೆಯಿಂದ ಅವ್ವ ಸರಿಯಾಗಿ ಉಣ್ಣಲಿಲ್ಲ. ತಟ್ಟೆ ಮುಂದಿಟ್ಟರೆ ರೊಟ್ಟಿ ಮುರಿಯುತ್ತಾಳೆ, ಬಾಯಿಗಿಡುವುದಿಲ್ಲ. "ಬೀಗರೇನು ಅಂದೆ ನಾ, ಬೀಗರೇನು ಅಂದೆ" ಇದೊಂದೇ ಮಾತು. ನನಗೆ ತಲೆ ಕೆಟ್ಟುಹೋಯಿತು. ಅಪ್ಪನನ್ನು ಕಳೆದುಕೊಂಡದ್ದು ಸಾಲದೇ? ಇವಳೂ ಕಣ್ಣೆದುರಿಗೇ ಸವೆದುಹೋಗುತ್ತಿದ್ದಳು.

"ಡಾಕ್ಟರ್ ಏನಂದ್ರು? ಹೃದಯದ ನಾಳ ಕಟ್ಟಿತ್ತು ಅಂದ್ರು. ನೀ ಕರೀಲಿಲ್ಲ ಅಂತ ನಾಳ ಕಟ್ತದೇನು?" ಎಂದು ಕೂಗಾಡಿದೆ.

"ನಿನ್ನ ಡಾಕ್ಟರ್ ಕರದನೇನು ಅವರಿಗೆ?" ಅಂದಳು.

ಕೋಟೆಗೆ ಕರೆದುಕೊಂಡು ಹೋಗು, ಅವರು ಬಿದ್ದ ಜಾಗದಲ್ಲಿ ನಿಂತು ಕರೆದು ಬರುತ್ತೇನೆ ಎಂದು ಹಟ ಹಿಡಿದಳು. ಕಡೆಗೊಂದು ಭಾನುವಾರ ಹೋದೆವು. ಟಿ.ವಿ.ಯಲ್ಲಿ ಕಂಡ ಕಂಬದ ಅಂಗಳಕ್ಕಾಗಿ ಕೋಟೆಯೊಳಗೆಲ್ಲ ಅಲೆದೆವು. ಎಲ್ಲೂ ಇಲ್ಲ. ಕಾವಲಿನವರನ್ನು ಕೇಳಿದರೆ, "ಅದು ಪ್ಲೈವುಡ್ಡಿಂದು ಅಕ್ಕೋರ, ಬಿಚ್ಚಿ ಒಯ್ದ್ರು. ಎಲ್ಲಿ ನಿಲ್ಲಿಸಿದ್ರೋ ಈಗ ಗುರ್ತಿಲ್ಲ, ಹುಲ್ಲು ಬೆಳದದ" ಅಂದರು. ಅವ್ವ ಆ ಹುಲ್ಲಿನಲ್ಲಿ ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ ಓಡಾಡಿದಳು. ಎಲ್ಲಿ ನಿಂತು ಯಾರನ್ನು ಕರೆಯಬೇಕು? ಬಾಯಿ ತೆರೆದು, ಮುಚ್ಚಿ, ಒಂದು ಕಲ್ಲಿನ ಮೇಲೆ ಕೂತುಬಿಟ್ಟಳು.

ಮರುದಿನ ಅಪ್ಪನ ಮೊಬೈಲಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ, ಮೇಕಪ್ಪಿನವರಿಗೆ. ಬೈಯಬೇಕೆಂದೇ ಮಾಡಿದ್ದು. ಮುದುಕನನ್ನು ಹೆಣ ಮಾಡಲು ಇವರಿಗೇನು ಅಧಿಕಾರ? ಆದರೆ ಅಪ್ಪ ತೀರಿಹೋದ ಸುದ್ದಿ ಕೇಳಿ ಅವರೇ "ಅಯ್ಯೋ ಯಜಮಾನ್ರ" ಅಂದರು. ಆಮೇಲೆ ಹೇಳಿದರು, ಶ್ರಾವಣದಲ್ಲಿ ಹೆಣವಾಗಿ ಮಲಗಲು ಯಾರೂ ಒಪ್ಪಲಿಲ್ಲವಂತೆ. ಅಪ್ಪನೇ ಮುಂದೆ ಬಂದು, ನಾನು ಬಹಳ ಸಲ ಸತ್ತವನು, ನನಗೆ ರೂಢಿಯಿದೆ ಅಂದನಂತೆ.

"ನಮ್ಮಲ್ಲೂ ಒಂದು ಪದ್ಧತಿ ಅದ ತಾಯಿ" ಅಂದರು. "ಸತ್ತ ಸೀನ್ ಮುಗಿದ ಕೂಡಲೇ ಆ ಮನುಷ್ಯ ಕಣ್ಣು ಬಿಟ್ಟು ಕ್ಯಾಮೆರಾ ನೋಡಿ ನಗಬೇಕು. ನಗಲಾರದ ಏಳಿಸಂಗಿಲ್ಲ. ಆವಾಗ ನಾ ಬಾಜುಕ್ಕೇ ನಿಂತು ನನ್ನ ಮೊಬೈಲ್‌ದಾಗೂ ತಗೊಂಡೀನಿ. ಕಳಿಸ್ಲೇನು?"

ಸಂಜೆ ಶಾಲೆಯಿಂದ ಬಂದವಳೇ ಅವರು ಕಳಿಸಿದ ವಿಡಿಯೊ ಹಚ್ಚಿ ಅವ್ವನ ಮುಂದೆ ಫೋನ್ ಹಿಡಿದೆ. ಖಾಲಾನೂ ಬಂದಿದ್ದಳು. ಅಪ್ಪ ನಗುವುದನ್ನು ಕಂಡರೆ ಇವಳ ಎದೆ ಸ್ವಲ್ಪ ಹಗುರಾದೀತು ಎಂಬ ಆಸೆ ನನಗೆ.

ಅಪ್ಪ ಹುಲ್ಲಿನ ಮೇಲೆ ಬಿದ್ದಿದ್ದಾನೆ, ಎದೆಯಲ್ಲಿ ಬಾಣ. ಮೇಕಪ್ಪಿನವರ ದನಿ ಕೇಳುತ್ತದೆ: "ಆಯ್ತು ಯಜಮಾನ್ರ, ಕಣ್ಣು ಬಿಟ್ಟು ನಗ್ರಿ."

ಅಪ್ಪ ಕಣ್ಣು ಬಿಟ್ಟ. ನಗಲಿಲ್ಲ. "ನಗೋದು ನಿಮ್ಮ ಪದ್ಧತಿ. ನಮ್ಮಲ್ಲಿ ಮನಿಯಾಕಿ ಕರೀಬೇಕ್ರಿ. ಕರೀಲಾರದ ಏಳಂಗಿಲ್ಲ."

"ಆ ತಾಯಿಗೆ ಈಗ ಎಲ್ಲಿಂದ ಕರಸ್ಲಿ?"

"ಇಲ್ಲಿ ಬ್ಯಾಡ್ರಿ. ಮನಿ ಬಾಗಲದಾಗ ಕರಸ್ಕೋತೀನಿ. ಸತ್ತ ವೇಷ ಅಂತ ಹೇಳಂಗಿಲ್ಲ, ಹೇಳಿದ್ರ ಅಂಜ್ತಾಳ. ಸುಮ್ನ ಕರಿ ಅಂತೀನಿ. ಮೊದಲು ಬೈತಾಳ. ಭಾಳ ಬೈತಾಳ್ರಿ ಆಕಿ! ಆಮ್ಯಾಲ ಕರೀತಾಳ." ಇಷ್ಟು ಹೇಳಿ ಅಪ್ಪ ನಕ್ಕ. ಎದೆಯ ಮೇಲಿನ ಬಾಣ ಅಲ್ಲಾಡುವ ಹಾಗೆ, ಮುಂದಿನ ಹಲ್ಲು ಬಿದ್ದ ಸಂದು ಕಾಣುವ ಹಾಗೆ ನಕ್ಕ. ಅಲ್ಲಿಗೆ ಮುಗಿಯಿತು. ಅವನು ಎದ್ದದ್ದು ಅದರಲ್ಲಿಲ್ಲ.

ಅವ್ವ ಇನ್ನೊಮ್ಮೆ ಹಚ್ಚು ಅಂದಳು. ಹಚ್ಚಿದೆ.

"ಬೈದೆ" ಅಂದಳು. "ಕರೀಲಿಲ್ಲ."

"ಬೈದ್ರೂ ಕರದಂಗೇ ಅಕ್ಕಾ, ಒಳಗ ಬಂದ್ರಲ್ಲ ಅವರು" ಅಂದಳು ಖಾಲಾ, ಅಳುತ್ತ. ಅವ್ವ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಎದ್ದು ಒಲೆ ಹಚ್ಚಿ ನೀರಿಟ್ಟಳು. ಹಬೆ ಬರುವ ತನಕ ಎದುರಿಗೇ ನಿಂತಿದ್ದಳು. ತಂಬಿಗೆ ತುಂಬಿಕೊಂಡು ಬಾಗಿಲಿಗೆ ಬಂದಳು. ಹೊರಗೆ ಓಣಿಯಲ್ಲಿ ಮಾಣಿಕನಗರದ ಕಡೆಯಿಂದ ಆಟೋಗಳು ಬರುತ್ತಿದ್ದವು, ಜನ ಓಡಾಡುತ್ತಿದ್ದರು. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಅವಳನ್ನು ತಡೆಯಲೆಂದೇ ಹೋಗಿ ಬಾಗಿಲಲ್ಲಿ ನಿಂತೆ.

ಅವ್ವ ಸೆರಗು ಹಣೆಯ ಮೇಲೆ ಎಳೆದುಕೊಂಡಳು. "ಏಳ್ರಿ" ಅಂದಳು, ಮೆಲ್ಲಗೆ. ಒಂದು ಗಳಿಗೆ ಕಾದು ಇನ್ನೊಮ್ಮೆ ಅಂದಳು: "ಏಳ್ರಿ, ಮನಿಗೆ ಬರ್ರಿ."

ಹೊಸ್ತಿಲಿಗೆ ನೀರು ಸುರಿದಳು. ಆಮೇಲೆ ನನ್ನ ಕಡೆ ತಿರುಗಿ, "ಬಾಗಲದಾಗ ನಿಂತೀದಿ ನೋಡು. ಸರಿ ಅತ್ತಾಗ, ಅವರು ಬರ್ಲಿ" ಅಂದಳು.

ನಾನು ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟೆ.