ವಾಸಣ್ಣನಿಗೆ ನಾನು ಓದಿದ ಸನ್ಮಾನಪತ್ರ

ಕಾಪು ಕಡಲತೀರದ ಸಂಗೀತಕ್ಕೆ ಬಂದವರೆಲ್ಲ ವೇದಿಕೆಗೆ ಮುಖ ಮಾಡಿ ಕೂತರೆ ವಾಸಣ್ಣ ಮಾತ್ರ ಅಡ್ಡಲಾಗಿ ಕೂರುತ್ತಿದ್ದರು. ಬಲಬದಿಯ ದೊಡ್ಡ ಸ್ಪೀಕರ್ ಪೆಟ್ಟಿಗೆಗೆ ತಾಗಿಕೊಂಡೇ ಅವರ ಪ್ಲಾಸ್ಟಿಕ್ ಕುರ್ಚಿ. ಚಪ್ಪಲಿ ಬಿಚ್ಚಿ ಬರಿಗಾಲನ್ನು ಮರಳಿನಲ್ಲಿ ಊರಿ, ಎಡಗೈಯನ್ನು ಪೆಟ್ಟಿಗೆಯ ಮೇಲೆ ಅಗಲವಾಗಿ ಇಟ್ಟು, ಡ್ರಮ್ ಬಾರಿಸುವವರ ಕೈಯನ್ನೇ ನೋಡುತ್ತಿದ್ದರು. ಉಳಿದವರು ಕಿವಿ ಮುಚ್ಚಿಕೊಂಡು ದೂರ ಓಡುವ ಜಾಗ ಅದು. ಎಪ್ಪತ್ತೆರಡು ವರ್ಷದ ಆ ಮನುಷ್ಯ ಅಲ್ಲಿ ಎರಡು ಗಂಟೆ ಅಲುಗಾಡದೆ ಕೂತಿರುತ್ತಿದ್ದರು.

ಉಚ್ಚಿಲದಲ್ಲಿ ಅವರದು ನಮ್ಮ ಪಕ್ಕದ ಮನೆ. ಮೂವತ್ತಕ್ಕೂ ಹೆಚ್ಚು ವರ್ಷ ಮಲ್ಪೆಯ ಮೀನುಗಾರಿಕೆ ಬೋಟುಗಳಲ್ಲಿ ಇಂಜಿನ್ ನೋಡಿಕೊಳ್ಳುವ ಡ್ರೈವರ್ ಆಗಿದ್ದರು. ಇಂಜಿನಿನ ಮೇಲೆ ಅಂಗೈ ಇಟ್ಟರೆ ಯಾವ ಭಾಗ ಸೋತಿದೆ ಎಂದು ಹೇಳುವವರೆಂದು ಬಂದರಿನಲ್ಲಿ ಅವರಿಗೆ ಹೆಸರಿತ್ತು. "ಶಬ್ದ ಮೋಸ ಮಾಡ್ತದೆ, ನಡುಕ ಮೋಸ ಮಾಡುವುದಿಲ್ಲ" ಎನ್ನುತ್ತಿದ್ದರು. ಅಕ್ಕಿ ಅರೆಯುವ ಗ್ರೈಂಡರಿನ ಮೇಲೂ ಹೀಗೆ ಕೈ ಇಟ್ಟು ಪರೀಕ್ಷಿಸುತ್ತಾರೆ, ಹಿಟ್ಟು ಮಾತ್ರ ಯಾವತ್ತೂ ರುಬ್ಬಿ ಕೊಟ್ಟವರಲ್ಲ ಎಂದು ಅವರ ಹೆಂಡತಿ ಜಲಜಕ್ಕ ನನ್ನ ಹತ್ತಿರ ದೂರುತ್ತಿದ್ದರು.

ಸಂಗೀತದ ಹುಚ್ಚು ಹಿಡಿದದ್ದು ಮುಂಬೈಯಲ್ಲಿ. ಕೆಲಸ ಬಿಟ್ಟ ಮೇಲೆ ಒಂದು ಮೇ ತಿಂಗಳು ಮಗಳ ಮನೆಯಲ್ಲಿದ್ದರು. ಅಲ್ಲಿ ಸಮುದ್ರದ ಬದಿಯ ಒಂದು ಪಾರ್ಕಿನಲ್ಲಿ ಪ್ರತಿ ಆದಿತ್ಯವಾರ ಸಂಜೆ ಯಾವ ಯಾವುದೋ ಸಣ್ಣ ಬ್ಯಾಂಡಿನವರು ತಾವೇ ಕಟ್ಟಿದ ಹಾಡುಗಳನ್ನು ಹಾಡುತ್ತಿದ್ದರಂತೆ. ಯಾರು ಬೇಕಾದರೂ ಹೋಗಿ ಕೂರಬಹುದು. ಮಗಳ ಒತ್ತಾಯಕ್ಕೆ ಹೋದವರು ಆಕಸ್ಮಿಕವಾಗಿ ಸ್ಪೀಕರಿಗೆ ಒರಗಿ ನಿಂತರು. "ಬೋಟು ಬಿಟ್ಟ ಮೇಲೆ ಎದೆ ಆಫ್ ಆಗಿತ್ತು. ಅಲ್ಲಿ ಪುನಃ ಸ್ಟಾರ್ಟ್ ಆಯಿತು ಮಾರಾಯ" ಎಂದು ಊರಿಗೆ ಬಂದು ನನಗೆ ಹೇಳಿದರು. ಉಳಿದ ಆದಿತ್ಯವಾರಗಳಲ್ಲಿ ಅವರೇ ಮಗಳನ್ನು ಎಳೆದುಕೊಂಡು ಹೋದರಂತೆ. ನಮ್ಮೂರಲ್ಲಿ ಅಂಥದ್ದು ಇಲ್ಲವೆಂದು ಒಂದು ವರ್ಷ ಸಪ್ಪಗಿದ್ದರು.

ಮರುವರ್ಷ ಅದೂ ಬಂತು. ಮಣಿಪಾಲದಲ್ಲಿ ಕೆಲಸ ಮಾಡುವ ಕಾರ್ಕಳದ ಹುಡುಗ ಪ್ರಜ್ವಲ್ ನಾಲ್ಕೈದು ಸ್ನೇಹಿತರನ್ನು ಕಟ್ಟಿಕೊಂಡು ಬೇಸಿಗೆಯ ಸಂಜೆಗಳಲ್ಲಿ ಇಂಥದ್ದೇ ಕಾರ್ಯಕ್ರಮ ಶುರುಮಾಡಿದ. ಒಂದು ಆದಿತ್ಯವಾರ ಮಣಿಪಾಲದಲ್ಲಿ, ಮುಂದಿನ ಆದಿತ್ಯವಾರ ಕಾಪುವಿನಲ್ಲಿ. ಬೆಂಗಳೂರು, ಮಂಗಳೂರು, ಮುಂಬೈಯಿಂದ ಬ್ಯಾಂಡುಗಳು ಬರುತ್ತಿದ್ದವು. ಸಿನಿಮಾ ಹಾಡು ಇಲ್ಲ, ಭಾಷಣ ಇಲ್ಲ, ಟಿಕೆಟ್ ಇಲ್ಲ. ವಾಸಣ್ಣನಿಗೆ ಜೊತೆ ಬೇಕಿತ್ತು, ನನಗೆ ಸಂಜೆ ಕಳೆಯಬೇಕಿತ್ತು. ಇಬ್ಬರೂ ಒಂದೂ ಬಿಡದೆ ಹೋದೆವು.

ಬೆಂಗಳೂರಿನ ಒಂದು ಬ್ಯಾಂಡಿನಲ್ಲಿ ಡ್ರಮ್ ಬಾರಿಸುವವಳು ತನ್ವಿ ಎಂಬ ಹುಡುಗಿ. ಮೊದಲ ಬೇಸಿಗೆಯಲ್ಲಿ ಕಾಪುವಿಗೆ ಬಂದಿದ್ದಾಗ, ಸ್ಪೀಕರಿನ ಹತ್ತಿರ ಕೂತ ಅಜ್ಜನನ್ನು ಕಂಡು ಕುತೂಹಲದಿಂದ, ಹೇಗಿತ್ತು ಅಂಕಲ್ ಎಂದು ಕೇಳಿದಳು. ಚೆನ್ನಾಗಿತ್ತು ಎಂಬ ಉತ್ತರವನ್ನು ನಿರೀಕ್ಷಿಸಿಯೇ ಕೇಳಿದ್ದಿರಬೇಕು. ವಾಸಣ್ಣ ಹೇಳಿದರು: "ಮೂರನೇ ಹಾಡಿನ ಅರ್ಧದಲ್ಲಿ ನಿನ್ನ ಕಾಲು ಓಡಿತು. ಕೈ ಹಿಂದೆ ಉಳಿಯಿತು. ನಾಲ್ಕು ಸುತ್ತು ಆದ ಮೇಲೆ ಸರಿ ಮಾಡಿಕೊಂಡೆ, ಅಲ್ವಾ?"

ಹುಡುಗಿ ಕೂಡಲೇ ಗೆಳೆಯರನ್ನು ಕೂಗಿ ಕರೆದಳು. ಅವರು ಮೊಬೈಲಿನಲ್ಲಿ ಹಿಡಿದದ್ದನ್ನು ಹಾಕಿ ನೋಡಿದರೆ ಇವರು ಹೇಳಿದ ಹಾಗೆಯೇ ಇತ್ತು. ಸುದ್ದಿ ಒಂದು ಬ್ಯಾಂಡಿನಿಂದ ಇನ್ನೊಂದಕ್ಕೆ ಹೋಯಿತು. ಆಮೇಲೆ ಯಾರ ಕಾರ್ಯಕ್ರಮ ಮುಗಿದರೂ ಮೊದಲು ಬರುವುದು ವಾಸಣ್ಣನ ಕುರ್ಚಿಯ ಹತ್ತಿರ. ಅವರು ಯಾರನ್ನೂ ಸುಮ್ಮನೆ ಹೊಗಳುತ್ತಿರಲಿಲ್ಲ. ಒಬ್ಬನಿಗೆ, ನಿನ್ನ ಇಂಜಿನ್ ಒಳ್ಳೆಯದುಂಟು, ಆದರೆ ನೀನು ಲೋಡ್ ಇಲ್ಲದೆ ಓಡಿಸ್ತಿ ಎಂದಿದ್ದರು. ಅವನು ಅದನ್ನು ಪುಸ್ತಕದಲ್ಲಿ ಬರೆದುಕೊಂಡ.

ಒಂದು ಸಂಜೆ ಮಣಿಪಾಲದಿಂದ ಮರಳುವಾಗ ಬಸ್ಸಿನಲ್ಲಿ ವಾಸಣ್ಣ ನನಗೊಂದು ವಿಷಯ ಹೇಳಿದರು. ಅವರ ಕಿವಿ ಸ್ವಲ್ಪ ಮಂದವೆಂದು ಊರಿಗೆಲ್ಲ ಗೊತ್ತಿತ್ತು. ನಿಜವಾಗಿ ಇಂಜಿನ್ ಕೋಣೆಯ ಆರ್ಭಟಕ್ಕೆ ಎರಡೂ ಕಿವಿ ಬಹುತೇಕ ಹೋಗಿಬಿಟ್ಟಿದ್ದವು. ಹತ್ತಿರದಿಂದ ದೊಡ್ಡಕ್ಕೆ ಹೇಳಿದರೆ ಸ್ವಲ್ಪ ಕೇಳುತ್ತಿತ್ತು, ಉಳಿದದ್ದು ತುಟಿ ನೋಡಿ ತಿಳಿಯುವುದು. ಹಾಡಿದವನ ದನಿ, ಗಿಟಾರಿನ ತಂತಿ ಯಾವುದೂ ಅವರನ್ನು ಮುಟ್ಟುತ್ತಿರಲಿಲ್ಲ. ಡ್ರಮ್ಮಿನ ಪೆಟ್ಟು ಮಾತ್ರ ಅಂಗೈ ಮತ್ತು ಪಾದದಿಂದ ಒಳಗೆ ಬರುತ್ತಿತ್ತು. ಕಾರ್ಯಕ್ರಮ ಮುಗಿದಾಗ ಎಲ್ಲರೂ ಕೂಗಿಯೇ ಮಾತಾಡುವುದರಿಂದ ಬ್ಯಾಂಡಿನ ಮಕ್ಕಳಿಗೆ ಇದು ಗೊತ್ತಾಗಿರಲಿಲ್ಲ.

"ದಾಮು, ಮಕ್ಕಳಿಗೆ ಹೇಳಬೇಡ" ಎಂದರು. "ಹೇಳಿದರೆ ಅವರು ನನ್ನನ್ನು ಕೇಳುವುದು ಬಿಟ್ಟು ನೋಡ್ಲಿಕ್ಕೆ ಶುರು ಮಾಡ್ತಾರೆ."

ಹೇಳುವುದಿಲ್ಲ ಎಂದು ನಾನು ಅವರ ಕೈ ಮುಟ್ಟಿದೆ.

ಇನ್ನು ನನ್ನ ವಿಷಯ ಬರೆಯಬೇಕು. ನಾನು ಹತ್ತನೇ ತರಗತಿ ಓದಿ ಉಡುಪಿಯ ಒಂದು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದವನು. ನಮ್ಮ ಕಡೆ ಶಾಲು, ಹಣ್ಣಿನ ಬುಟ್ಟಿ, ಸನ್ಮಾನಪತ್ರ ಇಲ್ಲದೆ ಯಾವ ಸಮಾರಂಭವೂ ಮುಗಿಯುವುದಿಲ್ಲ. ನೂರಾರು ಸನ್ಮಾನಪತ್ರ ಜೋಡಿಸಿ ಜೋಡಿಸಿ ಆ ಭಾಷೆ ನನ್ನ ಬೆರಳಿಗೇ ಬಂದಿತ್ತು. ನಿವೃತ್ತಿಯಾದ ಮೇಲೆ ಉಚ್ಚಿಲದಿಂದ ಹೆಜಮಾಡಿಯವರೆಗೆ ಯಾರಿಗೆ ಸನ್ಮಾನವಾದರೂ ಬರೆದು ಓದುವುದು ನಾನೇ. ಪತ್ರದ ನಡುವೆ ಜನರನ್ನು ಎಬ್ಬಿಸಿ ಚಪ್ಪಾಳೆ ತಟ್ಟಿಸುವ ಒಂದು ಸಾಲು ಇರಲೇಬೇಕು. ಆ ಸಾಲು ಹುಡುಕುವುದರಲ್ಲಿ ನಾನು ಗಟ್ಟಿಗ.

ಎರಡನೇ ಬೇಸಿಗೆಯ ಕೊನೆಯ ಆದಿತ್ಯವಾರ ವಾಸಣ್ಣನಿಗೆ ಸನ್ಮಾನ ಮಾಡುವ ಎಂದು ಪ್ರಜ್ವಲನಿಗೆ ಸೂಚಿಸಿದವನೂ ನಾನೇ. "ಕೂತದ್ದಕ್ಕೆ ಎಂತ ಶಾಲು? ನಿಂತವರಿಗೆ ಕೊಡಿ" ಎಂದು ವಾಸಣ್ಣ ತಮಾಷೆ ಮಾಡಿದರು. ಆದರೂ ಮಕ್ಕಳ ಪ್ರೀತಿಗೆ ಒಪ್ಪಿದರು. ಪತ್ರ ಬರೆಯಲು ಕೂತಾಗ ನನಗೆ ಆ ಒಂದು ಸಾಲು ಮೊದಲೇ ಸಿಕ್ಕಿಬಿಟ್ಟಿತ್ತು. ಬೇಡ ಎಂದು ಎರಡು ಸಲ ಹೊಡೆದುಹಾಕಿದೆ. ಮೂರನೇ ಸಲ ಹೊಡೆಯಲಿಲ್ಲ.

ಅದರಲ್ಲಿ ಹೊಟ್ಟೆಕಿಚ್ಚೂ ಇತ್ತು. ನನ್ನ ಕಿವಿಗೆ ಪಿಸುಮಾತೂ ಕೇಳಿಸುತ್ತದೆ. ಎರಡು ಬೇಸಿಗೆ ನಾನೂ ಅದೇ ಮರಳಿನಲ್ಲಿ ಕೂತಿದ್ದೆ, ಕೆಲವು ಹಾಡುಗಳು ನನಗೂ ಇಷ್ಟವಾಗಿದ್ದವು. ಆದರೆ ಆ ಮಕ್ಕಳಲ್ಲಿ ಒಬ್ಬರೂ ನನ್ನ ಹತ್ತಿರ ಬಂದು ಹೇಗಿತ್ತು ಎಂದು ಕೇಳಿರಲಿಲ್ಲ.

ಕಾಪುವಿನ ವೇದಿಕೆಯಲ್ಲಿ ವಾಸಣ್ಣನನ್ನು ಕೂರಿಸಿ ಶಾಲು ಹೊದೆಸಿದರು. ನಾನು ಮೈಕಿನ ಮುಂದೆ ಪತ್ರ ಎತ್ತಿ ಹಿಡಿದು ಓದಿದೆ. "ಶ್ರವಣಶಕ್ತಿಯನ್ನು ಕಡಲಿಗೆ ಅರ್ಪಿಸಿ, ಒಂದು ಸ್ವರವೂ ಕಿವಿಗೆ ಬೀಳದಿದ್ದರೂ ನಾದವನ್ನು ಆರಾಧಿಸಿದ ಕರ್ಮಯೋಗಿಯೇ..."

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ತನ್ವಿ ಅಳುತ್ತಿದ್ದಳು. ವಾಸಣ್ಣನಿಗೆ ನಾನು ಓದಿದ್ದು ಕೇಳಿಸಲಿಲ್ಲ, ನನ್ನ ತುಟಿ ಪತ್ರದ ಹಿಂದೆ ಇತ್ತು. ಇಷ್ಟು ಜನ ಯಾಕೆ ಎದ್ದರೆಂದು ತಿಳಿಯದೆ ಅವರು ನಗುತ್ತ ಎಲ್ಲರಿಗೂ ಕೈಮುಗಿದರು. ಆ ಚಪ್ಪಾಳೆ ನನಗೆ ಎಷ್ಟು ಹಿತವಾಗಿತ್ತೆಂದು ಸುಳ್ಳು ಹೇಳದೆ ಬರೆಯಬೇಕಾದರೆ, ಅಂಥ ಚಪ್ಪಾಳೆ ನನ್ನ ಜೀವಮಾನದಲ್ಲಿ ಬಿದ್ದಿರಲಿಲ್ಲ.

ರಿಕ್ಷಾದಲ್ಲಿ ಮರಳುವಾಗ ಅವರು ಚೌಕಟ್ಟು ಹಾಕಿದ ಪತ್ರವನ್ನು ತೊಡೆಯ ಮೇಲಿಟ್ಟು ಓದಿದರು. ಒಂದು ಸಲ ಓದಿ, ಮತ್ತೊಮ್ಮೆ ಓದಿದರು. ನಾನು ಹೊರಗೆ ನೋಡುತ್ತ ಕೂತೆ. ಮನೆ ಬಂದಾಗ, ಅಕ್ಷರ ಚಂದ ಉಂಟು ಎಂದಷ್ಟೇ ಹೇಳಿ ಇಳಿದರು.

ಮೂರನೇ ಬೇಸಿಗೆಯ ಮೊದಲ ಆದಿತ್ಯವಾರ ಅವರನ್ನು ಎಲ್ಲರ ಮುಂದೆ ಹೂವಿನ ಹಾರ ಕಟ್ಟಿದ ಕುರ್ಚಿಯಲ್ಲಿ ಕೂರಿಸಿದರು. ಮೊಬೈಲುಗಳು ವೇದಿಕೆಯನ್ನು ಬಿಟ್ಟು ಅವರ ಕಡೆ ತಿರುಗಿದವು. ಯಾರೋ ಒಬ್ಬಳು, ನಡುಕ ಚೆನ್ನಾಗಿ ತಿಳಿಯುತ್ತದೆಂದು ಊದಿದ ಬಲೂನೊಂದನ್ನು ಅವರ ಕೈಗೆ ಕೊಟ್ಟಳು. ಬೇಡ ಎನ್ನಲಾರದೆ ಅವರು ಅದನ್ನು ಹಿಡಿದುಕೊಂಡೇ ಕೂತರು. ಕಾರ್ಯಕ್ರಮ ಮುಗಿದ ಮೇಲೆ ತನ್ವಿ ಓಡಿಬಂದು ಅವರ ಕಾಲು ಮುಟ್ಟಿದಳು. ಹೇಗಿತ್ತು ಎಂದು ಕೇಳಲಿಲ್ಲ. ವಾಸಣ್ಣ ಸ್ವಲ್ಪ ಕಾದು, ತಾವಾಗಿಯೇ, "ಇವತ್ತು ಎರಡನೇ ಹಾಡಿನಲ್ಲಿ ನಿನ್ನ ಬಲಗೈ..." ಎಂದು ತೊಡಗಿದರು.

ಅವಳು ಅವರ ಎರಡೂ ಕೈ ಹಿಡಿದು, ತುಟಿ ದೊಡ್ಡದಾಗಿ ತೆರೆದು ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು: "ಅಂಕಲ್, ನೀವು ಬಂದದ್ದೇ ನಮಗೆ ಸಾಕು."

ಮುಂದಿನ ವಾರ ನಾನು ಕರೆಯಲು ಹೋದಾಗ ಕಾಲುನೋವು ಎಂದರು. ಅದರ ಮುಂದಿನ ವಾರವೂ ಕಾಲುನೋವು. ಮೂರನೇ ವಾರ ನಾನು ಕರೆಯಲಿಲ್ಲ. ಆ ವರ್ಷದ ಮಳೆಗಾಲದ ಆಟಿ ತಿಂಗಳಿನಲ್ಲಿ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ಅದಕ್ಕೆ ಹದಿನೈದು ದಿನ ಮೊದಲು ಕ್ಷಮೆ ಕೇಳಬೇಕೆಂದೇ ಅವರ ಮನೆಗೆ ಹೋಗಿದ್ದೆ. ಮಳೆ ಸ್ವಲ್ಪ ಬಿಟ್ಟಿತ್ತು. ಜಗಲಿಯ ಆಚೆ ಬದಿಯಲ್ಲಿ ಜಲಜಕ್ಕ ಮತ್ತು ನೆರೆಯ ಇಬ್ಬರು ಹೆಂಗಸರು ಸಿಗಡಿ ಸುಲಿಯುತ್ತಿದ್ದರು. ನಾನು ವಾಸಣ್ಣನ ಪಕ್ಕದಲ್ಲಿ ಕೂತು, ತಲೆ ತಗ್ಗಿಸಿ, ನೆಲ ನೋಡುತ್ತ, ನನ್ನಿಂದ ತಪ್ಪಾಯಿತು ವಾಸಣ್ಣ ಎಂದೆ.

"ಎಂತ? ಕೇಳಲಿಲ್ಲ" ಎಂದು ಅವರು ನನ್ನ ಮುಖದ ಕಡೆ ಬಾಗಿದರು. "ದೊಡ್ಡಕ್ಕೆ ಹೇಳು ಮಾರಾಯ."

ಹೆಂಗಸರು ಸುಲಿಯುವುದನ್ನು ನಿಲ್ಲಿಸಿ ನಮ್ಮ ಕಡೆ ನೋಡಿದರು. ಅಷ್ಟು ಜನರ ಮುಂದೆ ಮೈಕಿನಲ್ಲಿ ಓದಿದ ಬಾಯಿ ನನ್ನದು. ಮೂವರು ಹೆಂಗಸರ ಎದುರು ಆ ಎರಡು ಮಾತು ದೊಡ್ಡಕ್ಕೆ ಹೇಳಲು ಅದಕ್ಕೆ ಆಗಲಿಲ್ಲ. ತಲೆ ಎತ್ತಿ, "ಚಾ ಆಯಿತಾ ಅಂತ ಕೇಳಿದೆ, ಅಷ್ಟೇ" ಎಂದು ಕೂಗಿದೆ.

"ಓ, ಚಾ ಎಂತ ದೊಡ್ಡ ವಿಷಯ" ಎಂದು ಅವರು ನಕ್ಕರು. ಜಲಜಕ್ಕನ ಕೈಯಲ್ಲಿ ಸಿಗಡಿ ಇದೆಯೆಂದು ತಾವೇ ಎದ್ದು ಒಳಗೆ ಹೋಗಿ ಚಾ ಮಾಡಿ ತಂದರು. ಸಕ್ಕರೆ ಹಾಕಲು ಮರೆತಿದ್ದರು. ಹೇಗುಂಟು ಎಂದು ಅವರು ನನ್ನ ತುಟಿಯನ್ನೇ ನೋಡುತ್ತ ಕೇಳಿದರು. ಒಳ್ಳೆದುಂಟು ಎಂದು ನಾನು ಹೆಂಗಸರಿಗೂ ಕೇಳುವಷ್ಟು ದೊಡ್ಡಕ್ಕೆ ಹೇಳಿದೆ.