ದಾರಿಯಲ್ಲಿ ಯಾರಿಗೂ ನಮಸ್ಕಾರ ಬೇಡ

ಕಳೆದ ಭಾನುವಾರ ಬೀದರಿನ ನಮ್ಮ ಚರ್ಚಿನ ಬೈಬಲ್ ಕ್ಲಾಸ್ ತೆಗೆದುಕೊಳ್ಳುವಾಗ ನಾನು ಸಿಕ್ಕಿಬಿದ್ದೆ. ಯೇಸುಸ್ವಾಮಿ ಎಪ್ಪತ್ತು ಜನ ಶಿಷ್ಯರನ್ನು ಊರೂರಿಗೆ ಕಳಿಸುವಾಗ, ದಾರಿಯಲ್ಲಿ ಯಾರಿಗೂ ನಮಸ್ಕಾರ ಹೇಳಬೇಡಿ ಅನ್ನುತ್ತಾರೆ. ಪ್ರೀತಿ ಕಲಿಸಿದವರು ಹೀಗೆ ಹೇಳಬಹುದೇ ಎಂದು ಹೆಣ್ಣುಮಗಳೊಬ್ಬಳು ಕೇಳಿದಳು. "ಅದು ಆ ಕಾಲದ ಮಾತು ಬಿಡವ್ವ" ಎಂದು ಪುಟ ತಿರುಗಿಸಿದೆ. (ಉತ್ತರ ಗೊತ್ತಿಲ್ಲದ ಮಾಸ್ತರನಿಗೆ ಇನ್ನೇನು ದಾರಿ? ಸಾಲೆಯಲ್ಲೂ ಇದನ್ನೇ ಮಾಡಿಕೊಂಡು ರಿಟೈರ್ ಆದವನು ನಾನು.)

ಮಂಗಳವಾರ ನಮ್ಮೂರು ಹಲಬರ್ಗಾಕ್ಕೆ ಹೋದೆ. ಅಲ್ಲಿ ತಮ್ಮನ ಮನೆಯಲ್ಲಿ ಅವ್ವ ಇದ್ದಾಳೆ. ಅಸ್ತಮಾ. ಇನ್‌ಹೇಲರ್ ಮುಗಿದಿದೆ, ತೊಗೊಂಡು ಬಾ ಎಂದು ಫೋನ್ ಮಾಡಿದ್ದಳು.

ಬಸ್ಸಿಳಿದರೆ ಮನೆ ಐದು ನಿಮಿಷದ ನಡಿಗೆ. ಆದರೆ ನಮ್ಮ ಕಡೆ ನಮಸ್ಕಾರ ಅಂದರೆ ಬರೀ ಕೈಮುಗಿಯುವುದೇ? ನಿಲ್ಲಬೇಕು. ಮನೆಮಂದಿಯನ್ನೆಲ್ಲ ವಿಚಾರಿಸಬೇಕು, ಎಮ್ಮೆ ಈಯಿತೇ ಎಂದೂ ಕೇಳಬೇಕು. ಚಹಾ ಕುಡಿಯದೆ ಎದ್ದರೆ ಅದೊಂದು ಮುನಿಸು. ನಾನು ದಾರಿಯ ಎರಡನೇ ಮನೆಯ ಕಟ್ಟೆಯ ಮೇಲೆ ಎರಡನೇ ಚಹಾಕ್ಕೆ ಕಾಯುತ್ತಾ ಕೂತಿದ್ದೆ.

ಆಗ ಊರಿನ ನರ್ಸ್ ಚೀಲ ಹಿಡಿದು ದಡದಡ ಹೋದರು. "ನಮಸ್ಕಾರ್ರಿ ಸಿಸ್ಟರ್" ಎಂದೆ. ತಿರುಗಿಯೂ ನೋಡಲಿಲ್ಲ.

"ನೌಕರಿ ಸೊಕ್ಕು ನೋಡ್ರಿ ಮಾಸ್ತರ" ಅಂದರು ಆ ಮನೆಯ ಕಾಕಾ. ನಾನೂ ಹೌದೌದು ಅಂದೆ.

ಸಿಸ್ಟರ್ ಹೊರಟಿದ್ದು ನಮ್ಮ ಮನೆಗೇ. ಅವ್ವನಿಗೆ ಉಸಿರು ಕಟ್ಟಿ, ತಮ್ಮನ ಹೆಂಡತಿ ಗಾಬರಿಯಿಂದ ಕರೆಸಿದ್ದಳು. ನಾನು ಮನೆ ಮುಟ್ಟಿದಾಗ ಅವ್ವ ಮಾಸ್ಕಿನಲ್ಲಿ ಔಷಧಿಯ ಹೊಗೆ ಎಳೆಯುತ್ತಿದ್ದಳು. ಇನ್‌ಹೇಲರ್ ನನ್ನ ಜೇಬಿನಲ್ಲಿತ್ತು. ಇಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

"ನೀವು ನಮಸ್ಕಾರ ಅಂದಿದ್ದು ಕೇಳ್ಸಿತ್ರಿ ಸರ್" ಅಂದರು ಸಿಸ್ಟರ್. "ನಿಂತ್ರ ಬಿಡ್ತಾರೇನ್ರಿ ನಮ್ಮ ಮಂದಿ? ಚಾ ಅಂತಾರ, ಊಟ ಅಂತಾರ. ಅಮ್ಮಾರ ದಮ್ಮು ಅಲ್ಲಿತನಕ ಕಾಯ್ತದೇನ್ರಿ?"

ಅವ್ವನ ಉಸಿರು ಹದಕ್ಕೆ ಬಂದ ಮೇಲೆ ಅವರೇ ಕೂತು ಎಲ್ಲರನ್ನೂ ವಿಚಾರಿಸಿದರು, ಚಹಾ ಕುಡಿದರು.

ಯೇಸುಸ್ವಾಮಿಯ ಸೀಮೆಯಲ್ಲೂ ಆಗ ನಮಸ್ಕಾರ ಹೀಗೇ ಉದ್ದವಿತ್ತಂತೆ, ಅಪ್ಪುಗೆ, ಕುಶಲ, ಕೂಡಿಸಿ ಉಪಚಾರ. ನಮ್ಮ ಪಾಸ್ಟರ್ ಮರುದಿನ ಹೇಳಿದರು. ಆ ಶಿಷ್ಯರಿಗೂ ಊರೂರಿನ ರೋಗಿಗಳನ್ನು ವಾಸಿಮಾಡುವ ಕೆಲಸವಿತ್ತು. ಮನೆಯೊಳಗೆ ಹೋದ ಮೇಲೆ ಶುಭ ಹೇಳಿ, ಬಡಿಸಿದ್ದು ಉಣ್ಣಿ ಎಂದು ಅದೇ ಅಧ್ಯಾಯದಲ್ಲಿದೆ. ನಾನು ಓದಿರಲಿಲ್ಲವೇ? ಹತ್ತಾರು ಸಲ ಓದಿದ್ದೆ. ಆದರೆ ಅದನ್ನು ಕೇಳಿಸಿಕೊಂಡವರ ದಾರಿ ಹೇಗಿತ್ತು ಎಂದು ಯೋಚಿಸಿರಲಿಲ್ಲ.

ಸಿಸ್ಟರ್, ನಿಮ್ಮ ಉಪಕಾರ ದೊಡ್ಡದು. ನೀವೂ ನನ್ನ ಹಾಗೆ ಮರ್ಯಾದಸ್ಥರಾಗಿದ್ದಿದ್ದರೆ, ನನ್ನ ಅವ್ವ ಇವತ್ತು ಇರುತ್ತಿದ್ದಳೇ?